ಯುದ್ಧಯಂತ್ರಗಳಿಗೆ ಹೊಸ ಬಣ್ಣ: ನೆರಳನ್ನು ವರ್ಣದಿಂದ ಬೇರ್ಪಡಿಸಿದ ಬಗೆ

1979ರಲ್ಲಿ ಜಪಾನಿನ ದೂರದರ್ಶನದಲ್ಲಿ ಪ್ರಸಾರವಾದ ‘ಮೊಬೈಲ್ ಸೂಟ್ ಗಂಡಮ್’ ಸರಣಿಯಲ್ಲಿ ಸಾಮಾನ್ಯ ಸೈನಿಕರು ಒಳಗೆ ಕೂತು ನಡೆಸುವ ಜಾಕು ಎಂಬ ದೈತ್ಯ ಯುದ್ಧಯಂತ್ರಗಳು ಹಸಿರಾಗಿದ್ದರೆ, ಅದೇ ಸೇನೆಯ ಹೆಸರಾಂತ ಯೋಧ ಶಾರ್ ಅಜ್ನಬಲ್ ನಡೆಸುತ್ತಿದ್ದ ಜಾಕು ಕೆಂಪಾಗಿತ್ತು. ಆಕಾರ ಹೆಚ್ಚುಕಡಿಮೆ ಒಂದೇ ಆದರೂ ಒಳಗಿರುವವನು ಯಾರೆಂಬುದನ್ನು ಬಣ್ಣವೇ ಹೇಳುತ್ತಿತ್ತು. ಆದರೆ ಆಗಿನ ಅನಿಮೇಷನ್‌ನಲ್ಲಿ ಪಾರದರ್ಶಕ ಹಾಳೆಯ ಹಿಂಬದಿಗೆ ಬಣ್ಣ ಬಳಿಯುತ್ತಿದ್ದರು. ನೆರಳಿಗೂ ಪ್ರತ್ಯೇಕ ಬಣ್ಣ ಬೇಕಿದ್ದುದರಿಂದ, ಬಣ್ಣ ಬದಲಿಸುವುದೆಂದರೆ ಇಡೀ ಚಿತ್ರವನ್ನು ಮತ್ತೆ ಬಳಿಯುವುದೇ ಆಗಿತ್ತು.

1990ರಲ್ಲಿ ಚಿತ್ರ ತಿದ್ದುವ ತಂತ್ರಾಂಶ ಫೋಟೋಶಾಪ್ ಬಂದರೂ ಈ ತೊಡಕು ತೀರಲಿಲ್ಲ, ಏಕೆಂದರೆ ಹೊಸ ಬಣ್ಣ ಹಳೆಯ ಪಿಕ್ಸೆಲ್‌ಗಳನ್ನೇ ಅಳಿಸಿಹಾಕುತ್ತಿತ್ತು. 1994ರ ಮೂರನೆಯ ಆವೃತ್ತಿಯಲ್ಲಿ ಲೇಯರ್‌ಗಳು (ಒಂದರ ಮೇಲೊಂದು ಇಡಬಹುದಾದ ಚಿತ್ರಪದರಗಳು), 1996ರ ನಾಲ್ಕನೆಯ ಆವೃತ್ತಿಯಲ್ಲಿ ಅಡ್ಜಸ್ಟ್‌ಮೆಂಟ್ ಲೇಯರ್‌ಗಳು (ಕೆಳಗಿನ ಚಿತ್ರದ ಬಣ್ಣ, ಹೊಳಪುಗಳನ್ನು ತಿದ್ದಿ ತೋರಿಸುವ ಪದರಗಳು) ಸೇರಿದ ಮೇಲೆ ಮೂಲಚಿತ್ರವನ್ನು ಮುಟ್ಟದೆಯೇ ಬಣ್ಣವನ್ನು ಎಷ್ಟು ಸಲ ಬೇಕಾದರೂ ತಿದ್ದುವುದು ಸಾಧ್ಯವಾಯಿತು. ಯಂತ್ರಗಳ ಚಿತ್ರಕ್ಕೆ ಹೊಸ ಬಣ್ಣ ಕೊಡುವ ಈ ಕಲೆಯ ನಿಜವಾದ ತಿರುವು ಇದೇ ಎಂದು ನಾನು ಭಾವಿಸುತ್ತೇನೆ.

ಬಿಳಿ ಅಥವಾ ತಿಳಿಬೂದು ಕವಚಕ್ಕೆ ಇಂದಿಗೂ ಪದರಗಳನ್ನು ಬೆರೆಸುವ ಮಲ್ಟಿಪ್ಲೈ ವಿಧಾನವೇ ಸಲೀಸು. ಅದು ಮೇಲಿನ ಮತ್ತು ಕೆಳಗಿನ ಪದರಗಳ ಬಣ್ಣದ ಬೆಲೆಗಳನ್ನು (0ಯಿಂದ 255ರವರೆಗಿನ ಅಂಕಿಗಳು; ಹೆಚ್ಚಾದಷ್ಟೂ ಹೊಳಪು) ಗುಣಿಸಿ 255ರಿಂದ ಭಾಗಿಸುತ್ತದೆ: ಕೆಂಪಿನ ಬೆಲೆ 200 ಇದ್ದು, ಅದರಡಿಯ ನೆರಳು 128 ಇದ್ದರೆ ಫಲಿತಾಂಶ ಸುಮಾರು 100. ಹೀಗೆ ಬೆಳಕು ಬಿದ್ದಲ್ಲಿ ಬಣ್ಣ ಉಳಿದು, ಸಂದುಗಳಲ್ಲಿ ತಾನಾಗಿಯೇ ಗಾಢವಾಗುತ್ತದೆ. ಆದರೆ ಗುಣಾಕಾರ ಬೆಲೆಯನ್ನು ತಗ್ಗಿಸಬಲ್ಲುದೇ ಹೊರತು ಏರಿಸಲಾರದು. ಆದ್ದರಿಂದ ಕಡುನೀಲಿ ಯಂತ್ರವನ್ನು ಹಳದಿಯಾಗಿಸಬೇಕಾದಾಗ ಅದು ಸೋಲುತ್ತದೆ. ಕಲರ್ ಎಂಬ ಇನ್ನೊಂದು ಬೆರೆಸುವ ವಿಧಾನ ಮೂಲದ ಹೊಳಪನ್ನು ಉಳಿಸಿಕೊಂಡು ವರ್ಣವನ್ನಷ್ಟೇ ಬದಲಿಸುತ್ತದೆ, ಆದರೆ ಹಳದಿ ಸ್ವಭಾವತಃ ಹೊಳಪಿನ ಬಣ್ಣವಾದ್ದರಿಂದ ಗಾಢ ತಳದ ಮೇಲೆ ಮಾಸಲು ಹಸಿರುಗಂದಾಗಿ ಕಾಣುತ್ತದೆ. ಇಂಥಲ್ಲಿ ಮೊದಲು ಬಣ್ಣವನ್ನು ತೆಗೆದುಹಾಕಿ, ಹೊಳಪನ್ನು ಏರಿಳಿಸುವ ಕರ್ವ್ಸ್ ಸಾಧನದ ಮೂಲಕ ಕವಚವನ್ನು ತಿಳಿಬೂದಿಗೆ ಏರಿಸಿ, ಆಮೇಲಷ್ಟೇ ಹಳದಿಯನ್ನು ಗುಣಿಸಬೇಕು.

ಗಾತ್ರ ಕುಗ್ಗಿಸಿ ಚಿತ್ರ ಉಳಿಸುವ ಜೆಪೆಗ್ ಕಡತಗಳದು ಬೇರೆಯೇ ಸಮಸ್ಯೆ. ಅನೇಕ ಜೆಪೆಗ್‌ಗಳು ಹೊಳಪನ್ನು ಪೂರ್ಣ ವಿವರದಲ್ಲಿಟ್ಟು, ಬಣ್ಣದ ವಿವರವನ್ನು ಉದ್ದಗಲಗಳೆರಡರಲ್ಲೂ ಅರ್ಧಕ್ಕಿಳಿಸುತ್ತವೆ. ಹೀಗಾಗಿ ಹಳೆಯ ಬಣ್ಣ ರೇಖೆಯಾಚೆ ಸೋರಿರುತ್ತದೆ, ಮತ್ತು ಬಣ್ಣ ಎಲ್ಲಿಗೆ ಸೇರಬೇಕೆಂದು ಗುರುತಿಸುವ ಮಾಸ್ಕ್ ಎಷ್ಟೇ ಕರಾರುವಾಕ್ಕಾಗಿದ್ದರೂ ಹಸಿರಿನಿಂದ ಕೆಂಪಾಗಿಸಿದ ಭುಜಫಲಕದ ಅಂಚಿನಲ್ಲಿ ಹಸಿರಿನ ಎಳೆಯೊಂದು ಉಳಿದುಬಿಡುತ್ತದೆ. ಸಾಧ್ಯವಾದಾಗಲೆಲ್ಲ ವಿವರ ಕಳೆಯದೆ ಚಿತ್ರ ಉಳಿಸುವ ಪಿಎನ್‌ಜಿ ಮೂಲವನ್ನೇ ಹುಡುಕುವುದು ಲೇಸು.

ಬಣ್ಣ ಬಳಿದ ಕವಚದ ಮೇಲಿನ ತೀಕ್ಷ್ಣ ಹೊಳಪು ಬೆಳಕಿನ ಬಣ್ಣದ್ದೇ ಹೊರತು ಕವಚದ್ದಲ್ಲ. ಗುಂಡೇಟಿನ ಗೀರುಗಳಲ್ಲಂತೂ ಬಣ್ಣವೇ ಹೋಗಿ ಬರಿಯ ಲೋಹ ಕಾಣುತ್ತಿರುತ್ತದೆ. ಇವೆರಡನ್ನೂ ಮಾಸ್ಕ್‌ನಿಂದ ಹೊರಗಿಡದೆ ಎಲ್ಲಕ್ಕೂ ಕೆಂಪು ತುಂಬಿದರೆ, ಉಕ್ಕಿನ ಯಂತ್ರ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ.