ಎರಡನೆಯ ಬಾಳುವೆಯ ಬೋಗಿಗಳು: ಅಮೆರಿಕದ ಹಳೆಯ ಪ್ರಯಾಣಿಕ ರೈಲುಬೋಗಿಗಳು ಉಳಿದುಬಂದ ಬಗೆ

ಅಮೆರಿಕದ ಅನೇಕ ಊರುಗಳ ಉದ್ಯಾನಗಳಲ್ಲಿ ಹಳೆಯ ಉಗಿ ಎಂಜಿನ್ ಒಂದು ನಿಂತಿರುತ್ತದೆ. ಅದು ಎಳೆಯುತ್ತಿದ್ದ ಬೋಗಿ ಮಾತ್ರ ಅಪರೂಪಕ್ಕೆ ಕಣ್ಣಿಗೆ ಬೀಳುತ್ತದೆ. ಎಂಜಿನ್ ಬಹುಪಾಲು ದಪ್ಪ ಉಕ್ಕಿನದು, ಬಣ್ಣ ಬಳಿದು ಬಯಲಲ್ಲಿ ಬಿಟ್ಟರೂ ದಶಕಗಟ್ಟಲೆ ತಾಳುತ್ತದೆ. ಪ್ರಯಾಣಿಕ ಬೋಗಿಯಾದರೋ ಮರ, ಬಟ್ಟೆ, ಗಾಜು, ತೆಳು ತಗಡು, ಕೊಳವೆ, ತಂತಿಗಳನ್ನೆಲ್ಲ ಸೇರಿಸಿ ಕಟ್ಟಿದ ಉದ್ದನೆಯ ಮನೆಯಿದ್ದಂತೆ. ಚಾವಣಿಯ ಒಂದು ಸಂದಿಯಲ್ಲಿ ನೀರಿಳಿಯತೊಡಗಿದರೆ ಕೆಲವೇ ವರ್ಷಗಳಲ್ಲಿ ನೆಲದವರೆಗೂ ಹಾಳು ವ್ಯಾಪಿಸುತ್ತದೆ. ಹಾಗಿದ್ದೂ ಸಾಕಷ್ಟು ಬೋಗಿಗಳು ಉಳಿದಿವೆ. ಅವುಗಳಲ್ಲಿ ಹೆಚ್ಚಿನವು ಯಾರದೋ ಮುಂದಾಲೋಚನೆಯಿಂದ ಉಳಿದವಲ್ಲ, ಮೊದಲ ಕೆಲಸ ಮುಗಿದ ಮೇಲೂ ಬೇರೊಂದು ಕೆಲಸಕ್ಕೆ ಒದಗಿದ್ದರಿಂದ ಉಳಿದವು. ಇಂದು ಅವುಗಳ ಜೀರ್ಣೋದ್ಧಾರಕ್ಕೆ ಕೈಹಾಕುವವರಿಗೆ ಎದುರಾಗುವ ತೊಡಕುಗಳಲ್ಲಿ ಬಹುಪಾಲು ಹುಟ್ಟಿದ್ದೂ ಆ ಎರಡನೆಯ ಬಾಳುವೆಯಲ್ಲೇ.

ಮಲಗುವ ಸೌಕರ್ಯದ ಬೋಗಿಗಳನ್ನು ಕಟ್ಟಿ ಓಡಿಸಿದ ಜಾರ್ಜ್ ಪುಲ್‌ಮನ್ 1867ರಲ್ಲಿ ತನ್ನ ಕಂಪನಿಯನ್ನು ಸ್ಥಾಪಿಸಿದಾಗ ಪ್ರಯಾಣಿಕ ಬೋಗಿಗಳ ಒಡಲು ಮರದ್ದಾಗಿತ್ತು. ಅಪಘಾತವಾದರೆ ಒಂದರೊಳಗೊಂದು ನುಗ್ಗಿ ನುಚ್ಚುನೂರಾಗುತ್ತಿದ್ದ, ಒಲೆಯ ಕೆಂಡ ಅಥವಾ ದೀಪದ ಎಣ್ಣೆ ತಗುಲಿ ಹೊತ್ತಿಕೊಳ್ಳುತ್ತಿದ್ದ ಈ ಬೋಗಿಗಳ ಅಪಾಯ ಎಲ್ಲರಿಗೂ ತಿಳಿದದ್ದೇ ಆಗಿತ್ತು. ಆದರೂ ಉಕ್ಕಿನತ್ತ ಹೊರಳಲು ಬಲವಾದ ಕಾರಣ ಒದಗಿಸಿದ್ದು ನ್ಯೂಯಾರ್ಕಿನ ಸುರಂಗಗಳು. ಹಡ್ಸನ್ ನದಿಯ ಅಡಿಯ ಸುರಂಗಗಳ ಮೂಲಕ 1910ರಲ್ಲಿ ಪೆನ್ಸಿಲ್ವೇನಿಯಾ ನಿಲ್ದಾಣಕ್ಕೆ ರೈಲು ಬರತೊಡಗಿದಾಗ, ಅಲ್ಲಿ ಮರದ ಬೋಗಿಗೆ ಬೆಂಕಿ ಬಿದ್ದರೆ ಗತಿಯೇನು ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿರಲಿಲ್ಲ. ಮರದ ಬೋಗಿಗಳು ಕ್ರಮೇಣ ಹಿಂದೆ ಸರಿದವು. ಕೆಲವು ಹಳಿ ದುರಸ್ತಿ ಮಾಡುವ ಕಾರ್ಮಿಕರ ಬಿಡಾರಗಳಾದವು. ಹಲವನ್ನು ಒಳಗಿನ ಕಬ್ಬಿಣಕ್ಕಾಗಿ ಸುಟ್ಟೇಬಿಟ್ಟರು. ಇನ್ನು ಕೆಲವನ್ನು ಗಾಲಿ ಕಳಚಿ ಮಾರಿದರು. ಕೊಂಡವರು ಹೊಲದಲ್ಲೋ ಕೆರೆಯ ದಡದಲ್ಲೋ ಇಳಿಸಿ, ಸುತ್ತ ಗೋಡೆ ಕಟ್ಟಿ, ಮೇಲೊಂದು ಸೂರು ಹಾಕಿ ವಾಸಕ್ಕಿಳಿದರು. ಎಷ್ಟೋ ವರ್ಷಗಳ ನಂತರ ಅಂಥ ಮನೆಯನ್ನು ಕೆಡವುವಾಗ ಒಳಗೆ ಬಣ್ಣದ ಗಾಜಿನ ಕಿಟಕಿಯ ಸಮೇತ ಬೋಗಿ ಸಿಕ್ಕ ಉದಾಹರಣೆಗಳಿವೆ.

ಉಕ್ಕಿನ ಬೋಗಿಗಳ ಮೊದಲ ತಲೆಮಾರನ್ನು ಅಲ್ಲಿನವರು ‘ಹೆವಿವೇಟ್’ ಎಂದೇ ಕರೆಯುತ್ತಾರೆ. ಒಂದೊಂದರ ತೂಕ 70-80 ಟನ್, ಅಡಿಯಲ್ಲಿ ಮೂರು ಅಚ್ಚುಗಳ ಎರಡು ಗಾಲಿಚೌಕಟ್ಟು, ಬದಿಗೆ ಸಾಲುಸಾಲು ರಿವೆಟ್, ನೆಲಕ್ಕೆ ಏಣುತಗಡಿನ ಮೇಲೆ ಸುರಿದ ಕಾಂಕ್ರೀಟು. ಒಳಗಿನ ಗೋಡೆಗಳು ಮಹಾಗನಿಯಂತೆ ಕಂಡರೂ ಹಲವು ಬೋಗಿಗಳಲ್ಲಿ ಅದು ಉಕ್ಕಿನ ಮೇಲೆ ಮರದ ಎಳೆಗಳನ್ನು ಕೈಯಿಂದಲೇ ಬರೆದ ಬಣ್ಣಗಾರಿಕೆ. ದುರಸ್ತಿಗಾರರು ಮೊದಲು ಪರೀಕ್ಷಿಸುವುದು ಈ ಅಂದವನ್ನಲ್ಲ, ಕಿಟಕಿಯ ಕೆಳಗಿನ ಮೂಲೆಗಳನ್ನು. ಕಿಟಕಿಯ ಕಟ್ಟಿನಿಂದ ಒಳಸೇರಿದ ನೀರು ಹೊರತಗಡಿನ ಒಳಬದಿಯಲ್ಲಿ ಇಳಿದು ನೆಲದಂಚಿನ ಕಾಂಕ್ರೀಟಿನಲ್ಲಿ ನಿಲ್ಲುತ್ತದೆ. ಕಾಂಕ್ರೀಟು ಆ ತೇವವನ್ನು ಸುಲಭಕ್ಕೆ ಬಿಡುವುದಿಲ್ಲವಾದ್ದರಿಂದ ಬೋಗಿಯ ಭಾರ ಹೊರುವ ಬದಿಯ ತೊಲೆ ಹೊರಗಿನವರಿಗೆ ಕಾಣದಂತೆ ಪದರುಪದರಾಗಿ ಉದುರುತ್ತದೆ. ಸುತ್ತಿಗೆಯಿಂದ ತಟ್ಟಿದಾಗ ಟಣ್ ಎನ್ನುವ ಬದಲು ಮಂದವಾದ ಸದ್ದು ಬಂದರೆ ಆ ಭಾಗವನ್ನು ಕತ್ತರಿಸಿ ಹೊಸ ತಗಡು ಕೂರಿಸದೆ ದಾರಿಯಿಲ್ಲ. ಉಗಿಕೊಳವೆಗಳಿಗೆ ಸುತ್ತಿದ ಕಲ್ನಾರು, ಬಣ್ಣದಲ್ಲಿನ ಸೀಸ ಇವು ಬೇರೆ. ಅವನ್ನು ತೆಗೆಯಲು ಪ್ರತ್ಯೇಕ ಮುನ್ನೆಚ್ಚರಿಕೆಯೂ ಬೇಕು, ಹಣವೂ ಬೇಕು.

1934ರ ಮೇ 26ರಂದು ಬರ್ಲಿಂಗ್ಟನ್ ರೈಲು ಕಂಪನಿಯ ‘ಜೆಫಿರ್’ ರೈಲು ಡೆನ್ವರಿನಿಂದ ಷಿಕಾಗೊವರೆಗಿನ ಸಾವಿರಕ್ಕೂ ಹೆಚ್ಚು ಮೈಲಿಗಳನ್ನು 13 ಗಂಟೆ 5 ನಿಮಿಷದಲ್ಲಿ ಕ್ರಮಿಸಿತು. ಫಿಲಡೆಲ್ಫಿಯಾದ ಬಡ್ ಕಂಪನಿ ಅದನ್ನು ಸ್ಟೇನ್‌ಲೆಸ್ ಸ್ಟೀಲಿನಲ್ಲಿ, ಲೋಹದ ಗುಣ ಕೆಡದಂತೆ ಕ್ಷಣಮಾತ್ರದಲ್ಲಿ ಬೆಸೆಯುವ ತನ್ನದೇ ವೆಲ್ಡಿಂಗ್ ವಿಧಾನದಿಂದ ಕಟ್ಟಿತ್ತು. ಆ ರೈಲು ಈಗ ಷಿಕಾಗೊದ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ. ಆ ವಿಧಾನ ಬಡ್ ಕಂಪನಿಯ ಸೊತ್ತಾಗಿದ್ದರಿಂದ ಪ್ರತಿಸ್ಪರ್ಧಿ ಪುಲ್‌ಮನ್-ಸ್ಟ್ಯಾಂಡರ್ಡ್ ಹಲವು ಬೋಗಿಗಳಲ್ಲಿ ಸಾಮಾನ್ಯ ಮಿಶ್ರ ಉಕ್ಕಿನ ಒಡಲಿಗೆ ಸ್ಟೇನ್‌ಲೆಸ್ ಹಾಳೆಯನ್ನು ಹೊದಿಸಿ ಅದೇ ಹೊಳಪು ತಂದಿತು. ಎರಡು ಲೋಹಗಳ ನಡುವೆ ಸಿಕ್ಕ ತೇವ ಒಳಗಿನದನ್ನು ತಿನ್ನುತ್ತ ಹೋದರೂ ಹೊರಗಿನ ಹೊಳಪು ಮಾಸಲಿಲ್ಲ. ಹೊಳೆಯುವ ಬೋಗಿಯನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರು ಒಳಗಿನ ಒಡಲು ಯಾವುದೆಂದು ಮೊದಲು ವಿಚಾರಿಸುವುದು ಲೇಸು.

ಎರಡನೇ ಮಹಾಯುದ್ಧದ ಬಳಿಕ ಹೆದ್ದಾರಿ ಮತ್ತು ವಿಮಾನ ಪ್ರಯಾಣಿಕರನ್ನು ಸೆಳೆದುಕೊಂಡವು. 1967ರಲ್ಲಿ ಅಂಚೆ ಇಲಾಖೆ ರೈಲುಗಳಿಂದ ಟಪಾಲನ್ನು ದೊಡ್ಡ ಪ್ರಮಾಣದಲ್ಲಿ ಹಿಂತೆಗೆದುಕೊಂಡಾಗ ಉಳಿದಿದ್ದ ಆದಾಯವೂ ಹೋಯಿತು. ಪುಲ್‌ಮನ್ ಕಂಪನಿ 1968ರ ಕೊನೆಗೆ ಸ್ಲೀಪರ್ ಸೇವೆ ನಿಲ್ಲಿಸಿತು. 1971ರ ಮೇ 1ರಂದು ಆರಂಭವಾದ, ಸರ್ಕಾರದ ಬೆಂಬಲದ ಪ್ರಯಾಣಿಕ ರೈಲು ಸಂಸ್ಥೆ ಆಮ್‌ಟ್ರ್ಯಾಕ್ ಹಳೆಯ ಕಂಪನಿಗಳ ಬೋಗಿಗಳಿಂದ ಸುಮಾರು 1,200ನ್ನು ಆರಿಸಿಕೊಂಡಿತು. ಆ ಬೋಗಿಗಳನ್ನು ಬೆಚ್ಚಗಿಡುತ್ತಿದ್ದುದು ಎಂಜಿನ್ನಿನಿಂದ ಬರುವ ಉಗಿ. 1977ರ ಕಡುಚಳಿಯಲ್ಲಿ ಉಗಿಕೊಳವೆಗಳು ಹೆಪ್ಪುಗಟ್ಟಿ ಎಷ್ಟೋ ರೈಲುಗಳು ರದ್ದಾದವು. ಆ ದಶಕದ ಕೊನೆಯಿಂದ ಆಮ್‌ಟ್ರ್ಯಾಕ್ ಉತ್ತಮ ಬೋಗಿಗಳಿಗೆ 480 ವೋಲ್ಟಿನ ವಿದ್ಯುತ್ ವ್ಯವಸ್ಥೆ ಅಳವಡಿಸಿ, ಒಳಾಂಗಣವನ್ನು ಹೊಸದಾಗಿ ಮಾಡಿ ಮತ್ತೆ ಓಡಿಸಿತು. ಹೀಗೆ ಉಳಿದ ಊಟದ ಬೋಗಿಗಳಲ್ಲಿ ಕೆಲವು 2010ರ ದಶಕದವರೆಗೂ ಸೇವೆಯಲ್ಲಿದ್ದವು. ಆದರೆ ಆ ಮಾರ್ಪಾಟಿನಲ್ಲಿ ಮೂಲ ದೀಪ, ಆಸನ, ಗೋಡೆಯ ಅಲಂಕಾರಗಳು ಮರಳಿ ಸಿಗದಂತೆ ಮಾಯವಾದವು. ಆಯ್ಕೆಯಾಗದ ಬೋಗಿಗಳು ಗುಜರಿಗೆ ಹೋದವು, ಇಲ್ಲವೇ ಹೋಟೆಲಾದವು, ಇಲ್ಲವೇ ಖಾಸಗಿ ಮಾಲೀಕರ ಪಾಲಾದವು.

ಖಾಸಗಿ ಮಾಲೀಕರು ತಮ್ಮ ಬೋಗಿಯನ್ನು ಆಮ್‌ಟ್ರ್ಯಾಕ್ ರೈಲಿನ ಹಿಂದೆ ಜೋಡಿಸಿ ಪ್ರಯಾಣಿಸಬಹುದು. ಅದಕ್ಕೆ ರೋಲರ್ ಬೇರಿಂಗ್, ಹೊಸ ವಿದ್ಯುತ್ ಜೋಡಣೆ, ಏಟಿಗೆ ಒಡೆಯದ ಗಾಜು, ತುರ್ತು ಕಿಟಕಿ, ಮಲಸಂಗ್ರಹದ ತೊಟ್ಟಿ ಇರಬೇಕು, ನಿಯತ ತಪಾಸಣೆಯಲ್ಲೂ ಪಾಸಾಗಬೇಕು. ಬೋಗಿ ಬಾಡಿಗೆಗೆ ಓಡಿದರೆ ದುರಸ್ತಿಯ ಖರ್ಚು ಹುಟ್ಟುತ್ತದೆ, ಓಡಬೇಕೆಂದರೆ ಹಳೆಯದನ್ನು ಕಿತ್ತು ಹೊಸದನ್ನು ಹಾಕಬೇಕು. 2018ರಲ್ಲಿ ಆಮ್‌ಟ್ರ್ಯಾಕ್ ಇಂಥ ಸಂಚಾರಕ್ಕೆ ಮಿತಿ ಹೇರಿದಾಗ ಆ ಲೆಕ್ಕಾಚಾರವೇ ಅಲುಗಾಡಿತು. ಓಡುವ ಬೋಗಿಯಲ್ಲಿ ಇಂಥ ಬದಲಾವಣೆಗಳನ್ನು ಒಪ್ಪದ ಕಟ್ಟಾ ಸಂರಕ್ಷಕರಿದ್ದಾರೆ. ಅವರ ವಾದದಲ್ಲಿ ಹುರುಳಿದ್ದರೂ, ತೆಗೆದ ಭಾಗಗಳನ್ನು ಗುರುತು ಹಚ್ಚಿ ಕಾಪಿಟ್ಟರೆ ಓಡುವುದೇ ಬೋಗಿಗೆ ಕ್ಷೇಮವೆಂದು ನನಗೆ ತೋರುತ್ತದೆ.

ವಸ್ತುಸಂಗ್ರಹಾಲಯಗಳಿಗೆ ಓಡಿಸುವ ಚಿಂತೆಯಿಲ್ಲ, ಆದರೆ ಬೋಗಿಯನ್ನು ಅದರ ಯಾವ ಕಾಲಕ್ಕೆ ಮರಳಿಸಬೇಕೆಂಬ ಪ್ರಶ್ನೆಯಿದೆ. ವಾಷಿಂಗ್ಟನ್ನಿನ ಆಫ್ರಿಕನ್ ಅಮೆರಿಕನ್ ಇತಿಹಾಸ ವಸ್ತುಸಂಗ್ರಹಾಲಯದಲ್ಲಿರುವ ಸದರ್ನ್ ರೈಲ್ವೆಯ 1200ನೇ ಸಂಖ್ಯೆಯ ಬೋಗಿಯನ್ನು ಪುಲ್‌ಮನ್ ಕಂಪನಿ ಕಟ್ಟಿದ್ದು 1918ರಲ್ಲಿ. 1940ರಲ್ಲಿ ಅದನ್ನು ವರ್ಣಭೇದದ ಕಾನೂನಿಗೆ ತಕ್ಕಂತೆ ಇಬ್ಭಾಗ ಮಾಡಲಾಯಿತು. ಬಿಳಿಯರ ಭಾಗದಲ್ಲಿ ವಿಶಾಲವಾದ ಶೌಚಾಲಯ, ಕಪ್ಪು ಜನರ ಭಾಗದಲ್ಲಿ ಇಕ್ಕಟ್ಟಾದದ್ದು. ಸಾಮಾನಿಡುವ ಹಲಗೆಯೂ ಅವರಿಗಿರಲಿಲ್ಲ. ಕೆಂಟಕಿಯಲ್ಲಿ ದುರಸ್ತಿ ಮಾಡಿದವರು ಅದನ್ನು ಮೊದಲ ರೂಪಕ್ಕೆ ಒಯ್ಯದೆ ಆ ಇಬ್ಭಾಗದ ರೂಪಕ್ಕೇ ತಂದರು. ಬಳಕೆ ಬಿಟ್ಟುಹೋದ ಗುರುತೇ ಇಲ್ಲಿ ಸಾಕ್ಷ್ಯವಾದ್ದರಿಂದ ಅದು ಸರಿಯಾದ ನಿರ್ಧಾರ. 2013ರ ನವೆಂಬರಿನಲ್ಲಿ ಕ್ರೇನಿನಿಂದ ಬೋಗಿಯನ್ನು ಇಳಿಸಿದ ಬಳಿಕ ಅದರ ಸುತ್ತಲೇ ಕಟ್ಟಡವನ್ನು ಮೇಲೆಬ್ಬಿಸಿದರು.

ಮೂಲ ರೂಪವನ್ನು ತಿಳಿಯಲು ದಾಖಲೆಗಳ ಕೊರತೆಯೇನಿಲ್ಲ. ಪುಲ್‌ಮನ್ ಕಂಪನಿಯ ಕಡತಗಳು ಷಿಕಾಗೊದ ನ್ಯೂಬೆರಿ ಗ್ರಂಥಾಲಯದಲ್ಲಿವೆ, ಬೋಗಿಗಳ ನಕ್ಷೆಗಳ ದೊಡ್ಡ ಸಂಗ್ರಹ ಇಲಿನಾಯ್ ರೈಲ್ವೆ ವಸ್ತುಸಂಗ್ರಹಾಲಯದಲ್ಲಿದೆ. ಕೊರತೆಯಿರುವುದು ಸೂರಿಗೆ. ಬೋಗಿಯ ಹೊಸ ಬಣ್ಣಕ್ಕೆ, ಮೆತ್ತೆಗೆ ದಾನ ಕೊಡುವವರು ಸಿಗುತ್ತಾರೆ; ತಗಡಿನ ಶೆಡ್ಡಿಗೆ ಕೊಡುವವರು ವಿರಳ. ವರ್ಷಗಟ್ಟಲೆ ಶ್ರಮಪಟ್ಟು ದುರಸ್ತಿ ಮಾಡಿದ ಬೋಗಿಯನ್ನು ಮತ್ತೆ ಬಯಲಲ್ಲಿ ನಿಲ್ಲಿಸಿದರೆ ಕಿಟಕಿಯ ಕೆಳಗಿನ ಆ ಮೂಲೆಗಳಲ್ಲಿ ಕೆಲವೇ ಮಳೆಗಾಲಗಳ ನಂತರ ಮತ್ತೆ ತುಕ್ಕು ಕಾಣಿಸಿಕೊಳ್ಳುತ್ತದೆ. ಆದ್ದರಿಂದಲೇ ಅನುಭವಿಗಳು ಬೋಗಿಯನ್ನು ಕೊಳ್ಳುವ ಮುನ್ನವೇ ಅದನ್ನು ನಿಲ್ಲಿಸುವ ಶೆಡ್ಡಿಗೆ ಹಣ ಕೂಡಿಸತೊಡಗುತ್ತಾರೆ.