ಊದುಬತ್ತಿ ಉರಿಸಿ ನೀರು ಹಂಚಿಕೊಂಡ ಸಾನುಕಿ

ಮಳೆ ಕೈಕೊಟ್ಟ ವರ್ಷಗಳಲ್ಲಿ ಜಪಾನಿನ ಸಾನುಕಿ ಪ್ರಾಂತ್ಯದ ರೈತರು ನೀರಿನ ಸರದಿ ಅಳೆಯಲು ಊದುಬತ್ತಿ ಹಚ್ಚುತ್ತಿದ್ದರು. ಗದ್ದೆ ಎಷ್ಟು ದೊಡ್ಡದೋ ಬತ್ತಿ ಅಷ್ಟು ಉದ್ದ. ಅದು ಉರಿಯುವ ತನಕ ಕಾಲುವೆ ನೀರು ಆ ಗದ್ದೆಗೆ. ಬತ್ತಿ ಮುಗಿಯಿತೋ, ಪಕ್ಕದವರ ಪಾಳಿ. ಇದಕ್ಕೆ ‘ಸೆಂಕೋ ಮಿಜು’ ಎನ್ನುತ್ತಾರೆ, ಅಂದರೆ ಊದುಬತ್ತಿ ನೀರು.

ಜಪಾನಿನಲ್ಲಿ ಮಳೆಗೇನು ಬರ ಅನ್ನಿಸುತ್ತದೆ ಅಲ್ವಾ? ಸಾನುಕಿ ಇದ್ದದ್ದು ಶಿಕೋಕು ದ್ವೀಪದ ಈಶಾನ್ಯ ಮೂಲೆಯಲ್ಲಿ. ಬೇಸಿಗೆಯ ಮಳೆಗಾಳಿಯನ್ನು ದಕ್ಷಿಣದ ಶಿಕೋಕು ಬೆಟ್ಟಗಳು ತಡೆಯುತ್ತವೆ. ಚಳಿಗಾಲದ ಹಿಮಗಾಳಿಯನ್ನು ಸಮುದ್ರದಾಚೆಯ ಚೂಗೋಕು ಬೆಟ್ಟಗಳು ತಡೆಯುತ್ತವೆ. ಎರಡೂ ಕಡೆಯಿಂದ ಮಳೆನೆರಳು. ನದಿಗಳೋ ಗಿಡ್ಡ. ಬೆಟ್ಟದಲ್ಲಿ ಸುರಿದದ್ದು ನೋಡನೋಡುತ್ತಲೇ ಸಮುದ್ರ ಸೇರಿಬಿಡುತ್ತದೆ. ಹಾಗಾಗಿ ಇಲ್ಲಿನವರು ಕೆರೆ ಕಟ್ಟಿದರು. ಕಟ್ಟುತ್ತಲೇ ಹೋದರು. ಈಗಲೂ ಅಲ್ಲಿ 12 ಸಾವಿರಕ್ಕೂ ಹೆಚ್ಚು ಕೆರೆಗಳಿವೆ.

ಅವುಗಳಲ್ಲಿ ದೊಡ್ಡದು ಮನ್ನೋ ಕೆರೆ. 8ನೇ ಶತಮಾನದ ಮೊದಲ ವರ್ಷಗಳಲ್ಲಿ ಕಟ್ಟಿದ್ದು. 818ರಲ್ಲಿ ಏರಿ ಒಡೆಯಿತು. ರಾಜಧಾನಿಯಿಂದ ಅಧಿಕಾರಿ ಬಂದರೂ ಆಳು ಸಿಗದೆ ಕೆಲಸ ನಿಂತಿತು. ಆಗ ಪ್ರಾಂತ್ಯದವರು ಅರಮನೆಗೆ ಬರೆದರು: ಕೂಕಾಯ್ ಅವರನ್ನು ಕಳಿಸಿ, ಜನ ಅವರನ್ನು ತಂದೆತಾಯಿಯಂತೆ ಪ್ರೀತಿಸುತ್ತಾರೆ. ಕೂಕಾಯ್ ಬೌದ್ಧ ಸನ್ಯಾಸಿ, ಹುಟ್ಟಿದ್ದು ಇದೇ ಸಾನುಕಿಯಲ್ಲಿ. 821ರಲ್ಲಿ ಅವರು ಬಂದರು, ಜನವೂ ಬಂದರು. ವರ್ಷಗಟ್ಟಲೆ ಎಳೆದಿದ್ದ ಕೆಲಸ ಮೂರು ತಿಂಗಳೊಳಗೆ ಮುಗಿಯಿತು. ಏರಿಯನ್ನು ನೀರಿನ ಕಡೆಗೆ ಬಿಲ್ಲಿನಂತೆ ಬಾಗಿಸಿದ್ದು ಅವರೇ ಎಂದು ಹೇಳುತ್ತಾರೆ. ಹಾಗೆ ಬಾಗಿದ್ದರೆ ನೀರಿನ ಒತ್ತಡ ನಡುಭಾಗದ ಮೇಲೇ ಬೀಳದೆ ಎರಡೂ ಬದಿಯ ಗುಡ್ಡಗಳಿಗೆ ಹಂಚಿಹೋಗುತ್ತದೆ.

ಆದರೂ ಬರ ತಪ್ಪಲಿಲ್ಲ. 886ರಲ್ಲಿ ಇಲ್ಲಿಗೆ ಅಧಿಕಾರಿಯಾಗಿ ಬಂದ ಕವಿ ಸುಗಾವಾರಾ ನೋ ಮಿಚಿಜಾನೆ ಎರಡು ವರ್ಷಕ್ಕೆ ಬೆಟ್ಟ ಹತ್ತಿ ಮಳೆಗಾಗಿ ಪ್ರಾರ್ಥಿಸಬೇಕಾಯಿತು.

1184ರಲ್ಲಿ ಮನ್ನೋ ಮತ್ತೆ ಒಡೆಯಿತು. ಈ ಸಲ ಕಟ್ಟುವವರೇ ಇರಲಿಲ್ಲ. ದೇಶದಲ್ಲಿ ಯುದ್ಧ ನಡೆದಿತ್ತು. ಒಣಗಿದ ಕೆರೆಯಂಗಳದಲ್ಲಿ ಜನ ಉಳುಮೆ ಮಾಡಿದರು, ಮನೆ ಕಟ್ಟಿಕೊಂಡರು. ‘ಇಕೆಉಚಿ’, ಕೆರೆಯೊಳಗಿನ ಊರು ಎಂದೇ ಹೆಸರಾಯಿತು. ಸುಮಾರು 450 ವರ್ಷ! ಇಲ್ಲಿ ಹಿಂದೆ ನೀರಿತ್ತು ಎನ್ನುವುದು ಅಷ್ಟು ಹೊತ್ತಿಗೆ ಬರೀ ಅಜ್ಜಿಕಥೆ ಆಗಿದ್ದಿರಬೇಕು. 1631ರಲ್ಲಿ ನಿಶಿಜಿಮಾ ಹಾಚಿಬೆ ಎಂಬ ಎಂಜಿನಿಯರ್ ಏರಿ ಕಟ್ಟಿ ಮುಗಿಸಿದಾಗ ಆ ಊರು ಮುಳುಗಿತು. ಕೆಳಗಿನ ಗದ್ದೆಗಳಿಗೆ ಜೀವ ಬಂತು ನಿಜ, ಆದರೆ ಇಕೆಉಚಿಯ ಮನೆಗಳನ್ನು ನೆನೆದರೆ ಸಂಕಟವಾಗುತ್ತದೆ.

ಏರಿಯ ದುರ್ಬಲ ಜಾಗ ಯಾವಾಗಲೂ ತೂಬೇ. ಮರದ ತೂಬು ಕೊಳೆಯುತ್ತಿತ್ತು, ಮತ್ತೆ ಮತ್ತೆ ಏರಿ ಅಗೆದು ಬದಲಿಸಬೇಕಿತ್ತು. 19ನೇ ಶತಮಾನದ ಮಧ್ಯದಲ್ಲಿ ಕಲ್ಲಿನ ತೂಬು ಇಟ್ಟರು. 1854ರ ಭೂಕಂಪದ ನಂತರ ಅದರ ಬದಿಯಿಂದ ನೀರು ಸೋರಿ ಏರಿಯೇ ಕುಸಿಯಿತು. 1870ರ ಹೊತ್ತಿಗೆ ಜಾಣ ದಾರಿ ಹುಡುಕಿದರು. ಮಣ್ಣಿನ ಏರಿಯ ತಂಟೆಗೇ ಹೋಗದೆ, ಪಕ್ಕದ ಬಂಡೆಯಲ್ಲಿ ಸುರಂಗ ಕೊರೆದು ನೀರು ಬಿಟ್ಟರು.

ನೀರು ಕಡಿಮೆ ಇದ್ದದ್ದರಿಂದ ಭತ್ತದ ನಂತರ ಗೋಧಿ ಬಿತ್ತುತ್ತಿದ್ದರು. ಸುಡುಬಿಸಿಲಿನ ತೀರದಲ್ಲಿ ಉಪ್ಪು ಮಾಡುತ್ತಿದ್ದರು. ಗೋಧಿ ಹಿಟ್ಟು, ಉಪ್ಪುನೀರು ಸೇರಿದರೆ ದಪ್ಪ ಎಳೆಯ ಉಡಾನ್ ಶಾವಿಗೆ. ಇಂದು ಜಪಾನಿನಲ್ಲಿ ಸಾನುಕಿ ಎಂದರೆ ಮೊದಲು ನೆನಪಾಗುವುದು ಅದೇ.

1871ರಲ್ಲಿ ಹಳೆಯ ಆಡಳಿತ ಮುಗಿಯಿತು. ನೆರೆಯವರ ಜೊತೆ ಸೇರಿ, ಬಿಟ್ಟು, ಕೊನೆಗೆ 1888ರಲ್ಲಿ ಸಾನುಕಿ ಕಾಗಾವಾ ಪ್ರಿಫೆಕ್ಚರ್ (ನಮ್ಮ ರಾಜ್ಯದಂಥ ಆಡಳಿತ ಭಾಗ) ಆಯಿತು, ದೇಶದಲ್ಲೇ ಅತಿ ಚಿಕ್ಕದು. 1974ರಿಂದ ಬೆಟ್ಟ ಕೊರೆದ ಸುರಂಗದಲ್ಲಿ ಯೊಶಿನೊ ನದಿಯ ನೀರು ಬರುತ್ತಿದೆ. ಹಾಗಂತ ಮನ್ನೋ ಸುಮ್ನೆ ಕೂತಿಲ್ಲ. ಅದರಲ್ಲಿ ಅರ್ಧ ಟಿಎಂಸಿಗಿಂತ ಸ್ವಲ್ಪ ಜಾಸ್ತಿ ನೀರು ಹಿಡಿಯುತ್ತದೆ. ಪ್ರತಿ ವರ್ಷ ಜೂನ್ ಮಧ್ಯದಲ್ಲಿ, ನಾಟಿ ಹೊತ್ತಿಗೆ, ತೂಬು ಎತ್ತುವ ದಿನವನ್ನು ‘ಯುರುನುಕಿ’ ಎಂದು ಆಚರಿಸುತ್ತಾರೆ. ಬಂಡೆಯೊಳಗಿಂದ ನೀರು ಭೋರೆಂದು ಕಾಲುವೆಗೆ ನುಗ್ಗುವುದನ್ನು ನೋಡಲು ಜನ ಸೇರುತ್ತಾರೆ.