ಹೊಸ ಟೈಟಾನಿಕ್: ಕಾಗದದಿಂದ ನೀರಿಗಿಳಿಯುವ ದೂರ

“ನಾಲ್ಕನೆಯ ಚಿಮಣಿ ಈ ಸಲವೂ ಬರೀ ತೋರಿಕೆಯದ್ದೇನು?” ಎಂದು ಬೆಂಗಳೂರಿನ ಪರಿಚಿತರೊಬ್ಬರು ಕೇಳಿದರು. ಬ್ಯಾಂಕಿನಿಂದ ನಿವೃತ್ತರಾದ ಅವರು, ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗುವಾಗ ಲಂಡನ್‌ವರೆಗೆ ವಿಮಾನದಲ್ಲೂ ಅಲ್ಲಿಂದ ಮುಂದೆ ಹಡಗಿನಲ್ಲೂ ಪ್ರಯಾಣ ಮಾಡಿ ಬಂದವರು; ಅಂದಿನಿಂದ ಅವರಿಗೆ ಹಡಗಿನ ಹುಚ್ಚು ಹತ್ತಿದೆ. ಪಕ್ಕದಲ್ಲಿದ್ದ ಅವರ ಪತ್ನಿಯ ಚಿಂತೆ ಬೇರೆಯಾಗಿತ್ತು: “ಚಿಮಣಿ ಹಾಗಿರಲಿ, ದೋಣಿ ಎಲ್ಲರಿಗೂ ಸಾಕಾಗುವಷ್ಟು ಇರುತ್ತದೆಯೇ?” ಹಡಗುಗಳ ವಿನ್ಯಾಸವನ್ನೇ ವೃತ್ತಿಯಾಗಿ ಮಾಡಿಕೊಂಡು ಮೂವತ್ತು ವರ್ಷ ಕಳೆದಿರುವ ನನಗೆ, 1912ರಲ್ಲಿ ಮುಳುಗಿದ ಟೈಟಾನಿಕ್‌ನ ಪ್ರತಿಕೃತಿಯಾಗಿ ಕಟ್ಟುತ್ತೇವೆ ಎನ್ನುತ್ತಿರುವ ‘ಟೈಟಾನಿಕ್ 2’ರ ಕುರಿತು ಬರುವ ಪ್ರಶ್ನೆಗಳೆಲ್ಲ ಸಾಮಾನ್ಯವಾಗಿ ಇವೆರಡರ ನಡುವೆಯೇ ಇರುತ್ತವೆ. ಒಂದು ಹಳೆಯದರಂತೆಯೇ ಇರಬೇಕೆಂಬ ಆಸೆ, ಇನ್ನೊಂದು ಹಳೆಯದರಂತೆ ಆಗಬಾರದೆಂಬ ಭಯ. ಎರಡೂ ಒಂದೇ ಹಡಗಿನಲ್ಲಿ ಎಷ್ಟರಮಟ್ಟಿಗೆ ಈಡೇರಬಲ್ಲವು ಎಂಬುದನ್ನು ನನ್ನ ಕಸುಬಿನ ಕಣ್ಣಿನಿಂದ ವಿವರಿಸುವುದು ಈ ಲೇಖನದ ಉದ್ದೇಶ.

ಆಸ್ಟ್ರೇಲಿಯಾದ ಗಣಿ ಉದ್ಯಮಿ ಕ್ಲೈವ್ ಪಾಮರ್ ಈ ಯೋಜನೆಯನ್ನು ಮೊದಲು ಪ್ರಕಟಿಸಿದ್ದು 2012ರ ಏಪ್ರಿಲ್‌ನಲ್ಲಿ, ಮೂಲ ಹಡಗು ಮುಳುಗಿ ಸರಿಯಾಗಿ ನೂರು ವರ್ಷವಾದ ತಿಂಗಳಲ್ಲಿ. ಚೀನಾದ ಜಿನ್‌ಲಿಂಗ್ ಹಡಗುಕಟ್ಟೆಯೊಂದಿಗೆ ಪ್ರಾಥಮಿಕ ಒಪ್ಪಂದವಾಯಿತು, ಫಿನ್‌ಲೆಂಡಿನ ಡೆಲ್ಟಾಮರಿನ್ ಸಂಸ್ಥೆ ವಿನ್ಯಾಸಕ್ಕೆ ಕೈಹಾಕಿತು, 2013ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನ ಪರೀಕ್ಷಾ ಕೊಳದಲ್ಲಿ ಮರದ ಮಾದರಿಯನ್ನು ಎಳೆದು ನೋಡಿದ್ದೂ ಆಯಿತು. ಆಮೇಲೆ ಪಾಮರ್ ಅವರ ಗಣಿ ರಾಯಧನದ ವ್ಯಾಜ್ಯದಿಂದ ಹಣದ ಹರಿವು ನಿಂತು ಕೆಲಸ ನೆನೆಗುದಿಗೆ ಬಿದ್ದಿತು. 2018ರಲ್ಲಿ ಮತ್ತೊಮ್ಮೆ, 2024ರ ಮಾರ್ಚ್‌ನಲ್ಲಿ ಸಿಡ್ನಿಯ ಒಪೆರಾ ಹೌಸ್‌ನಲ್ಲಿ ಮಗದೊಮ್ಮೆ ಘೋಷಣೆಗಳಾದವು. ಕೊನೆಯ ಘೋಷಣೆಯ ಪ್ರಕಾರ ಚೊಚ್ಚಲ ಯಾನ 2027ಕ್ಕೆ, ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ. ಉದ್ದ ಮೂಲದಷ್ಟೇ, 269 ಮೀಟರ್, ಅಗಲ 32.2 ಮೀಟರ್, ಒಂಬತ್ತು ಡೆಕ್‌ಗಳು, 835 ಕ್ಯಾಬಿನ್‌ಗಳು, 2,345 ಪ್ರಯಾಣಿಕರು. ಈ ಹನ್ನೆರಡು ವರ್ಷಗಳಲ್ಲಿ ಪತ್ರಿಕಾಗೋಷ್ಠಿಗಳು ನಡೆದವೇ ಹೊರತು ಒಂದು ತಗಡು ಉಕ್ಕನ್ನೂ ಕತ್ತರಿಸಲಿಲ್ಲ.

ಇಷ್ಟಾದರೂ ಹಡಗುಪ್ರಿಯರು ಇದರ ಮೇಲಿನ ಆಸೆ ಬಿಡದಿರುವುದಕ್ಕೆ ಕಾರಣವಿದೆ. ನಾವು ಪಣಂಬೂರಿನಲ್ಲಿ ನಿಂತು ನೋಡುವ ಕ್ರೂಸ್ ಹಡಗುಗಳು, ಅವುಗಳ ಅಭಿಮಾನಿಗಳ ಕ್ಷಮೆ ಕೋರಿ ಹೇಳುವುದಾದರೆ, ತೇಲುವ ವಸತಿ ಸಮುಚ್ಚಯಗಳು. ಅವು ಹವಾಮಾನ ನೋಡಿಕೊಂಡು, ಬಂದರಿನಿಂದ ಬಂದರಿಗೆ ನಿಧಾನವಾಗಿ ಸಾಗುತ್ತವೆ. ಲೈನರ್ ಎಂದರೆ ವೇಳಾಪಟ್ಟಿ ಹಿಡಿದು, ಚಳಿಗಾಲದ ಅಟ್ಲಾಂಟಿಕ್ ಎಷ್ಟೇ ಮೊರೆದರೂ ಈ ದಡದಿಂದ ಆ ದಡಕ್ಕೆ ಹೋಗಿ ಮುಟ್ಟಬೇಕಾದ ಹಡಗು. ಆ ಬಗೆಯದು ಇಂದು ಸೇವೆಯಲ್ಲಿ ಉಳಿದಿರುವುದು ಒಂದೇ, ಕುನಾರ್ಡ್ ಸಂಸ್ಥೆಯ ‘ಕ್ವೀನ್ ಮೇರಿ 2’. ಅದರ ವಿನ್ಯಾಸಕ ಸ್ಟೀಫನ್ ಪೇನ್ ಆ ಹಡಗಿಗೆ ಕೊಟ್ಟ ಒಡಲನ್ನು ನನ್ನ ಕಿರಿಯ ಸಹೋದ್ಯೋಗಿಗಳಿಗೆ ನಾನು ಹೀಗೆ ವಿವರಿಸುತ್ತೇನೆ: ಹಡಗಿನ ಉದ್ದ, ಅಗಲ ಮತ್ತು ನೀರಿನೊಳಗಿನ ಆಳದಷ್ಟೇ ಇರುವ ಒಂದು ಪೆಟ್ಟಿಗೆಯನ್ನು ಕಲ್ಪಿಸಿಕೊಂಡರೆ, ಆ ಪೆಟ್ಟಿಗೆಯ ನೂರರಲ್ಲಿ 61 ಪಾಲನ್ನು ಮಾತ್ರ ಅದರ ಒಡಲು ತುಂಬುತ್ತದೆ. ಕ್ರೂಸ್ ಹಡಗುಗಳು ಇದಕ್ಕಿಂತ ಹೆಚ್ಚು ತುಂಬುತ್ತವೆ, ಏಕೆಂದರೆ ತುಂಬಿದಷ್ಟೂ ಕೋಣೆ, ಕೋಣೆ ಹೆಚ್ಚಿದಷ್ಟೂ ಆದಾಯ. ಒಡಲು ಸಪೂರವಾದರೆ ಜಾಗ ಕಳೆದುಕೊಳ್ಳುತ್ತೇವೆ, ಅಲೆಯನ್ನು ಸೀಳುವ ಗುಣ ಪಡೆಯುತ್ತೇವೆ. ಸಾಮಾನ್ಯ ಕ್ರೂಸ್ ಹಡಗಿಗೆ ಬೇಕಾಗುವುದಕ್ಕಿಂತ ಸುಮಾರು ಶೇಕಡಾ 40ರಷ್ಟು ಹೆಚ್ಚು ಉಕ್ಕು ಅದಕ್ಕೆ ಹಿಡಿಯಿತು.

ವೇಗದ ಲೆಕ್ಕ ಇನ್ನೂ ಕಠಿಣ. ಎಂಜಿನ್ನಿನಿಂದ ಬೇಕಾಗುವ ಶಕ್ತಿ ಸ್ಥೂಲವಾಗಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ; ಅಂದರೆ 21 ನಾಟ್‌ನಿಂದ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) 26 ನಾಟ್‌ಗೆ ಹೋಗಬೇಕಾದರೆ ಹತ್ತಿರಹತ್ತಿರ ಎರಡು ಪಟ್ಟು ಶಕ್ತಿ ಬೇಕು. ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗಿರುವ ಸುಮಾರು 3,150 ನಾಟಿಕಲ್ ಮೈಲಿಯನ್ನು ಮೊದಲನೆಯ ವೇಗದಲ್ಲಿ ಕ್ರಮಿಸಲು ಆರು ದಿನಗಳ ಮೇಲೆ ಸ್ವಲ್ಪ ಹೊತ್ತು, ಎರಡನೆಯ ವೇಗದಲ್ಲಿ ಐದು ದಿನ ಹಿಡಿಯುತ್ತದೆ. ಒಂದು ದಿನದ ಉಳಿತಾಯಕ್ಕೆ ತೆರುವ ಬೆಲೆ ಇದು. ‘ಕ್ವೀನ್ ಮೇರಿ 2’ ಕೂಡ ಮೊದಲು ಆರು ರಾತ್ರಿಗಳಲ್ಲಿ ದಾಟುತ್ತಿದ್ದುದನ್ನು ಏಳಕ್ಕೆ ಹಿಗ್ಗಿಸಿಕೊಂಡಿದೆ. ಮೂಲ ಟೈಟಾನಿಕ್ ಕೂಡ ವೇಗದ ಪಂದ್ಯಕ್ಕೆ ಕಟ್ಟಿದ ಹಡಗಲ್ಲ, ಅದರ ಸೇವಾವೇಗ 21 ನಾಟ್. ಹೀಗಾಗಿ ಈ ಒಂದು ವಿಷಯದಲ್ಲಿ ಹೊಸ ಯೋಜನೆಗೆ ಅಡ್ಡಿಯಿಲ್ಲ.

ಅಡ್ಡಿ ಶುರುವಾಗುವುದು ‘ಅದರಂತೆಯೇ’ ಎಂಬ ಪದದಿಂದ. ಮೂಲ ಹಡಗಿನ ಅಗಲ 28.2 ಮೀಟರ್ ಇತ್ತು, ಹೊಸದರದು ನಾಲ್ಕು ಮೀಟರ್ ಹೆಚ್ಚು. ಚಿತ್ರದಲ್ಲಿ ಪಕ್ಕದಿಂದ ನೋಡಿದರೆ ಇದು ಕಾಣುವುದಿಲ್ಲವಾದರೂ ಇಡೀ ವಿನ್ಯಾಸದ ಗುಟ್ಟು ಇಲ್ಲೇ ಇದೆ. ಹೊಳೆ ದಾಟುವಾಗ ಯಾರಾದರೂ ಎದ್ದುನಿಂತರೆ ಅಂಬಿಗ ಗದರಿ ಕೂರಿಸುತ್ತಾನಲ್ಲ, ನಮ್ಮ ವೃತ್ತಿಯ ಅರ್ಧ ಗಣಿತ ಆ ಗದರಿಕೆಯಲ್ಲಿದೆ: ಭಾರ ಮೇಲೇರಿದಷ್ಟೂ ದೋಣಿ ಮಗುಚುವ ಭಯ ಹೆಚ್ಚು. ಹಳೆಯ ಟೈಟಾನಿಕ್‌ನ ತಳದಲ್ಲಿ 29 ಬಾಯ್ಲರುಗಳೂ ಅವುಗಳಿಗೆ ಬೇಕಾದ ಸಾವಿರಾರು ಟನ್ ಕಲ್ಲಿದ್ದಲೂ ಕೂತಿದ್ದವು. ಹೊಸದರಲ್ಲಿ ಅವು ಇಲ್ಲ. ಡೀಸೆಲ್-ವಿದ್ಯುತ್ ಯಂತ್ರಗಳು ಬರುತ್ತವೆ. ಅದೇ ಹೊತ್ತಿಗೆ ಮೇಲ್ಭಾಗಕ್ಕೆ ಒಂದು ಹೆಚ್ಚುವರಿ ಡೆಕ್, ಹವಾನಿಯಂತ್ರಣ, ಅಗ್ನಿನಿರೋಧಕ ಗೋಡೆಗಳು ಎಲ್ಲವೂ ಸೇರುತ್ತವೆ. ಈ ಮೇಲ್ಭಾರವನ್ನು ಸರಿದೂಗಿಸಲು ವಿನ್ಯಾಸಕನ ಕೈಯಲ್ಲಿರುವ ಅತ್ಯಂತ ಬಲವಾದ ಉಪಾಯ ಅಗಲವೇ. ಹಡಗು ವಾಲಿದಾಗ ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸಲು ನೀರಿನ ಮಟ್ಟದ ಅಡ್ಡಕೊಯ್ತ ಕೊಡುವ ಬಲ ಅಗಲದ ಘನಕ್ಕೆ ಅನುಗುಣವಾಗಿರುವುದರಿಂದ, ಈ ನಾಲ್ಕು ಮೀಟರ್‌ನಿಂದ ಅದು ಸುಮಾರು ಒಂದೂವರೆ ಪಟ್ಟಾಗುತ್ತದೆ. ಅಗಲವನ್ನು 32.2ಕ್ಕೇ ನಿಲ್ಲಿಸಿದ್ದೇಕೆ ಎಂಬುದನ್ನು, ಹಳೆಯ ಪನಾಮಾ ಕಾಲುವೆಯ ಮಿತಿ 32.3 ಮೀಟರ್ ಎಂದು ಬಲ್ಲವರು ಊಹಿಸಬಹುದು.

ಭಾರದ ವಿಷಯದಲ್ಲಿ ನಾನಿಷ್ಟು ಕಟ್ಟುನಿಟ್ಟಾಗಿರಲು ಒಂದು ಬೆಳಗಿನ ಅನುಭವವೂ ಕಾರಣ. ಹೆಸರು ಬೇಡ, ಒಂದು ಹಡಗುಕಟ್ಟೆಯಲ್ಲಿ ಬಹುಪಾಲು ಮುಗಿದಿದ್ದ ಪ್ರಯಾಣಿಕ ಹಡಗಿನ ಇನ್‌ಕ್ಲೈನಿಂಗ್ ಪರೀಕ್ಷೆ, ಅಂದರೆ ಹಡಗನ್ನು ಚೂರೇ ವಾಲಿಸಿ ಅದರ ಭಾರದ ಕೇಂದ್ರ ಎಷ್ಟು ಎತ್ತರದಲ್ಲಿದೆ ಎಂದು ಅಳೆಯುವ ಪರೀಕ್ಷೆ, ನಡೆಯುತ್ತಿತ್ತು. ಗಾಳಿ ಏಳುವ ಮೊದಲೇ, ನಸುಕಿನಲ್ಲಿ, ಕಟ್ಟಿದ ಹಗ್ಗಗಳನ್ನು ಸಡಿಲಿಸಿ, ಬೇಡದವರನ್ನೆಲ್ಲ ದಡಕ್ಕಿಳಿಸಿ, ತೂಕ ಗೊತ್ತಿರುವ ಕಾಂಕ್ರೀಟ್ ಗಟ್ಟಿಗಳನ್ನು ಡೆಕ್ಕಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸುತ್ತಾರೆ. ಕೆಳಗೆ ಮೆಟ್ಟಿಲ ಬಾವಿಯಲ್ಲಿ ಉದ್ದನೆಯ ತಂತಿಗೆ ತೂಗುಗುಂಡು ಕಟ್ಟಿ, ಅದು ಓಲಾಡದಂತೆ ಎಣ್ಣೆಯ ತೊಟ್ಟಿಯಲ್ಲಿ ಮುಳುಗಿಸಿ, ತಂತಿಯ ಹಿಂದೆ ಒಂದು ಮರದ ಪಟ್ಟಿ ಇಟ್ಟಿರುತ್ತಾರೆ. ಹಡಗು ಕೂದಲೆಳೆಯಷ್ಟು ವಾಲಿದರೂ ತಂತಿ ಸರಿಯುತ್ತದೆ, ನಾವು ಪೆನ್ಸಿಲಿನಿಂದ ಗೆರೆ ಎಳೆಯುತ್ತೇವೆ. ಅಂದು ನಾನು ಎಳೆದ ಗೆರೆ ಲೆಕ್ಕ ಹಾಕಿದ್ದಕ್ಕಿಂತ ಒಂದು ಬೆರಳಿನಷ್ಟು ಆಚೆ ಬಿದ್ದಿತು. ಮೂರು ಬಾರಿ ಮಾಡಿದರೂ ಅಷ್ಟೇ. ವಿಚಾರಿಸಿದಾಗ, ಮೇಲಿನ ಡೆಕ್ಕಿನ ಊಟದ ಹಾಲಿಗೆ ನಕ್ಷೆಯಲ್ಲಿ ಇದ್ದ ಹಗುರ ನೆಲಹಾಸನ್ನು ತೆಗೆದು ಮಾಲೀಕರ ಇಷ್ಟದಂತೆ ಕಲ್ಲು ಹಾಸಿದ್ದು ಗೊತ್ತಾಯಿತು. ಕಲ್ಲು ಅಲ್ಲೇ ಉಳಿಯಿತು; ಅದಕ್ಕೆ ಪ್ರತಿಯಾಗಿ ತಳಕ್ಕೆ ಶಾಶ್ವತ ಭಾರ ತುಂಬಿಸಿ, ಆ ಹಡಗು ಜೀವಮಾನವಿಡೀ ಅಷ್ಟು ಇಂಧನವನ್ನು ದಂಡವಾಗಿ ಸುಡುವಂತಾಯಿತು. 1912ರ ವೈಭವವನ್ನು ಹಾಗೆಹಾಗೆಯೇ ಮರುಸೃಷ್ಟಿಸುತ್ತೇವೆ ಎಂದು ಯಾರಾದರೂ ಹೇಳಿದಾಗ ನನಗೆ ಮೊದಲು ನೆನಪಾಗುವುದು ಆ ಪೆನ್ಸಿಲ್ ಗೆರೆ.

ವೈಭವದ ಮಾತು ಬಂದಾಗ ಎಲ್ಲರ ಕಣ್ಣೂ ಆ ಪ್ರಸಿದ್ಧ ಮಹಾಮೆಟ್ಟಿಲಿನ ಮೇಲೆ. ಡೆಕ್ಕಿನಿಂದ ಡೆಕ್ಕಿಗೆ ತೆರೆದುಕೊಂಡ, ಕೆತ್ತಿದ ಓಕ್ ಮರದ ಮೆಟ್ಟಿಲು ಬೆಂಕಿಯ ದೃಷ್ಟಿಯಿಂದ ಒಂದು ಚಿಮಣಿಯೇ ಸರಿ. 1934ರಲ್ಲಿ ನ್ಯೂಜೆರ್ಸಿಯ ಕರಾವಳಿಯಲ್ಲಿ ‘ಮೊರೊ ಕ್ಯಾಸಲ್’ ಹಡಗು ಹೊತ್ತಿ ಉರಿದು 130ಕ್ಕೂ ಹೆಚ್ಚು ಜನ ಸತ್ತ ಮೇಲೆ ಹಡಗಿನೊಳಗಿನ ಮರಗೆಲಸದ ಮೇಲೆ ನಿರ್ಬಂಧಗಳು ಬಿಗಿಯಾಗುತ್ತ ಬಂದವು. ಕಡಲಿನಲ್ಲಿ ಜೀವರಕ್ಷಣೆಗಾಗಿ ಇರುವ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್‌ನ ಈಗಿನ ನಿಯಮದಂತೆ, ಒಂದು ಕೋಣೆಯ ಉರಿಯುವ ಅಲಂಕಾರವನ್ನೆಲ್ಲ ಕೂಡಿಸಿದರೂ ಅದು ಆ ಕೋಣೆಯ ಗೋಡೆ ಮತ್ತು ಚಾವಣಿಗೆ 2.5 ಮಿಲಿಮೀಟರ್ ದಪ್ಪದ ಹೊದಿಕೆ ಹೊದಿಸಿದಷ್ಟನ್ನು ಮೀರಬಾರದು. ಆದ್ದರಿಂದ ಹೊಸ ಮಹಾಮೆಟ್ಟಿಲು ಕಟ್ಟಿದರೂ ಅದು ಉಕ್ಕಿನ ಮೈಗೆ ಮರದ ತೆಳುಪದರ ಹೊದಿಸಿದ್ದಾಗಿರುತ್ತದೆ. ತಪ್ಪಿಸಿಕೊಳ್ಳುವ ನಿಜವಾದ ಮೆಟ್ಟಿಲುಗಳಿಗೆ ವಿನ್ಯಾಸಕಾರರು ಹುಡುಕಿಕೊಂಡ ಜಾಗ ಮಾತ್ರ ಸೊಗಸಾಗಿದೆ: ಬಾಯ್ಲರಿನ ಹೊಗೆ ಏರುತ್ತಿದ್ದ ಹಳೆಯ ಕೊಳವೆಗಳ ದಾರಿ. ಬಾಯ್ಲರ್ ಇಲ್ಲದ ಮೇಲೆ ಆ ಲಂಬ ಸುರಂಗಗಳು ಖಾಲಿ. ಅಲ್ಲಿ ಸುತ್ತುಗೋಡೆಯಿರುವ ಮೆಟ್ಟಿಲು ಕೂರಿಸಿದರೆ ಹೊರನೋಟವೂ ಕೆಡುವುದಿಲ್ಲ, ನಿಯಮವೂ ಮುರಿಯುವುದಿಲ್ಲ. ಬೆಂಗಳೂರಿನ ಮಿತ್ರರ ಪ್ರಶ್ನೆಗೆ ಉತ್ತರವೂ ಇಲ್ಲೇ ಸಿಗುತ್ತದೆ. ಮೂಲದಲ್ಲಿ ಬಾಯ್ಲರಿನ ಹೊಗೆ ಬಿಡುತ್ತಿದ್ದುದು ಮೂರೇ ಚಿಮಣಿಗಳು, ನಾಲ್ಕನೆಯದು ಮುಖ್ಯವಾಗಿ ಗಾಳಿಯಾಟಕ್ಕೆ. ಹೊಸದರಲ್ಲಿ ನಾಲ್ಕರ ಮಟ್ಟಿಗೂ ತೋರಿಕೆಯ ಪಾಲು ಹೆಚ್ಚೇ ಇರುತ್ತದೆ.

ಇನ್ನು ದೋಣಿಗಳು. ಮೂಲ ಹಡಗಿನಲ್ಲಿದ್ದ 20 ದೋಣಿಗಳಲ್ಲಿ 1,178 ಜನರಿಗೆ ಜಾಗವಿತ್ತು, ಹಡಗಿನಲ್ಲಿದ್ದವರು 2,200ಕ್ಕೂ ಹೆಚ್ಚು. 1914ರ ಜನವರಿಯಲ್ಲಿ ಲಂಡನ್‌ನಲ್ಲಿ ಮೊದಲ ಸೋಲಾಸ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಆ ದುರಂತದ ಫಲ. ಇಂದು ದೂರಯಾನದ ಪ್ರಯಾಣಿಕ ಹಡಗಿನಲ್ಲಿ ದೋಣಿ ಮತ್ತು ತೆಪ್ಪಗಳೆರಡೂ ಸೇರಿ ಪೂರ್ಣ ಸಂಖ್ಯೆಯ ಶೇಕಡಾ 125ರಷ್ಟು ಜಾಗ ಇರಲೇಬೇಕು. ಹೀಗಾಗಿ ಸಂಖ್ಯೆಯ ಚಿಂತೆ ಅನಗತ್ಯ. ಮಂಜುಗಡ್ಡೆಯ ಚಿಂತೆಯೂ ಬಹುಮಟ್ಟಿಗೆ ಹಾಗೆಯೇ. ರೇಡಾರ್ ಇದೆ, ಒಂದು ಶತಮಾನದಿಂದ ಅಂತರರಾಷ್ಟ್ರೀಯ ಹಿಮ ಗಸ್ತು ಇದೆ. ಮುಂಭಾಗದ ನಾಲ್ಕು ಕೋಣೆಗಳು ತುಂಬಿದರೂ ತೇಲುವಂತೆ ಕಟ್ಟಿದ್ದ ಹಡಗಿನ ಅದಕ್ಕಿಂತ ಹೆಚ್ಚು ಕೋಣೆಗಳಿಗೆ ನೀರು ನುಗ್ಗಿ, ಎತ್ತರ ಸಾಲದ ತಡೆಗೋಡೆಗಳನ್ನು ಒಂದೊಂದಾಗಿ ದಾಟಿದ ಆ ಕಥೆ ಇಂದಿನ ನಿಯಮಗಳಡಿ ಕಟ್ಟಿದ ಹಡಗಿನಲ್ಲಿ ಹಾಗೆಯೇ ಮರುಕಳಿಸುವುದು ಕಷ್ಟ.

ನನಗಿರುವ ಚಿಂತೆ ದೋಣಿಗಳು ಎಷ್ಟೆಂಬುದಲ್ಲ, ಎಲ್ಲಿ ಎಂಬುದು. ಹೊಸ ನಕ್ಷೆಯಲ್ಲಿ ಸಿ ಮತ್ತು ಡಿ ಡೆಕ್‌ಗಳ ನಡುವೆ ‘ಸುರಕ್ಷತಾ ಡೆಕ್’ ಎಂಬ ಹೊಸ ಅಂತಸ್ತನ್ನು ಸೇರಿಸಿ ಇಂದಿನ ದೋಣಿಗಳನ್ನು ಅಲ್ಲಿ ಇಟ್ಟಿದ್ದಾರೆ; ಮೇಲೆ ಕಾಣುವ ಬಿಳಿ ದೋಣಿಗಳು ಅಂದಕ್ಕೆ. ಕೆರಿಬಿಯನ್ ಸುತ್ತುವ ಹಡಗಿಗಾದರೆ ಇದು ಒಳ್ಳೆಯ ಏರ್ಪಾಡು, ಏಕೆಂದರೆ ದೋಣಿ ಕೆಳಗಿದ್ದಷ್ಟೂ ನೀರಿಗಿಳಿಸುವುದು ಸುಲಭ. ಆದರೆ ಉತ್ತರ ಅಟ್ಲಾಂಟಿಕ್ ಅಂಥ ಕಡಲಲ್ಲ. 1995ರ ಸೆಪ್ಟೆಂಬರಿನಲ್ಲಿ ‘ಕ್ವೀನ್ ಎಲಿಜಬೆತ್ 2’ಕ್ಕೆ ಎದುರಾದ ಅಲೆಯ ಎತ್ತರ ಸುಮಾರು 29 ಮೀಟರ್ ಎಂದು ದಾಖಲಾಗಿದೆ. ಇದನ್ನು ಬಲ್ಲ ಪೇನ್, ‘ಕ್ವೀನ್ ಮೇರಿ 2’ರ ದೋಣಿಗಳನ್ನು ನಿಯಮ ಹೇಳುವುದಕ್ಕಿಂತ ಎತ್ತರದಲ್ಲಿಡಲು ವಿಶೇಷ ವಿನಾಯಿತಿ ಪಡೆದರು. ಒಬ್ಬರು ಅಲೆಗೆ ಹೆದರಿ ದೋಣಿಯನ್ನು ಮೇಲೆತ್ತಿದರೆ, ಇನ್ನೊಬ್ಬರು ನಿಯಮಕ್ಕೂ ಹಳೆಯ ರೂಪಕ್ಕೂ ಒಟ್ಟಿಗೆ ಸಲಾಂ ಹೊಡೆಯಲು ಹೋಗಿ ಕೆಳಗಿಳಿಸಿದ್ದಾರೆ. ನನ್ನ ಮುಂದೆ ಈ ನಕ್ಷೆ ಪರಿಶೀಲನೆಗೆ ಬಂದಿದ್ದರೆ ಮೊದಲ ಕೆಂಪು ಗುರುತು ಇಲ್ಲೇ ಬೀಳುತ್ತಿತ್ತು.

ಮೂರು ದರ್ಜೆಗಳು, ಮೂರನೆಯ ದರ್ಜೆಯವರ ಉದ್ದನೆಯ ಊಟದ ಮೇಜು, ಅಂದಿನ ಉಡುಪು ಇತ್ಯಾದಿಗಳು ಅಭಿರುಚಿಯ ಪ್ರಶ್ನೆಗಳು. ಅವುಗಳ ಬಗ್ಗೆ ಹಡಗುಪ್ರಿಯರಲ್ಲೇ ಒಮ್ಮತವಿಲ್ಲ. ಸುಮಾರು 1,500 ಜನ ಸತ್ತ ಹಡಗಿನ ಹೆಸರನ್ನು ಮತ್ತೆ ಇಡುವುದು ತರವಲ್ಲ ಎನ್ನುವವರೂ ಅವರಲ್ಲಿದ್ದಾರೆ. ಮೂಲ ಹಡಗಿನ ಒಡೆತನದ ವೈಟ್ ಸ್ಟಾರ್ ಸಂಸ್ಥೆಯೊಂದಿಗೆ 1934ರಲ್ಲಿ ವಿಲೀನವಾದ ಕುನಾರ್ಡ್ ಕೂಡ ಇಂಥ ಪ್ರತಿಕೃತಿ ಸೂಕ್ತವಲ್ಲವೆಂದಿತ್ತು. ಹಣದ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ಇಂದಿನ ಪ್ರಯಾಣಿಕ ಹೆಚ್ಚಿನ ದುಡ್ಡು ಕೊಡುವುದು ಬಾಲ್ಕನಿಗೆ. ಟೈಟಾನಿಕ್‌ನ ಪಾರ್ಶ್ವಕ್ಕೆ ಸಾಲುಸಾಲು ಬಾಲ್ಕನಿ ಕೊರೆದರೆ ಅದು ಟೈಟಾನಿಕ್ ಆಗಿ ಉಳಿಯುವುದಿಲ್ಲ, ಕೊರೆಯದಿದ್ದರೆ ಹೆಸರಿನ ಬಲದ ಮೇಲಷ್ಟೇ ವರ್ಷಗಟ್ಟಲೆ ಕ್ಯಾಬಿನ್ ತುಂಬಿಸಬೇಕು.

ಹಡಗು ಬರುತ್ತದೆಯೇ ಎಂದು ಕೇಳುವವರಿಗೆ ನಾನು ಘೋಷಣೆಗಳನ್ನು ಬಿಟ್ಟು ತಾರೀಖುಗಳನ್ನು ನೋಡಿ ಎನ್ನುತ್ತೇನೆ. ‘ಕ್ವೀನ್ ಮೇರಿ 2’ರ ಯೋಜನೆ ಪ್ರಕಟವಾದದ್ದು 1998ರ ಜೂನ್‌ನಲ್ಲಿ, ಫ್ರಾನ್ಸಿನ ಸೇಂಟ್ ನಜೇರ್‌ನ ಹಡಗುಕಟ್ಟೆಯೊಂದಿಗೆ ಕರಾರಿಗೆ ಸಹಿಯಾದದ್ದು 2000ದ ನವೆಂಬರ್‌ನಲ್ಲಿ, ಉಕ್ಕಿನ ಮೊದಲ ತುಂಡು ಕತ್ತರಿಸಿದ್ದು 2002ರ ಜನವರಿ, ಕೀಲ್ (ಹಡಗಿನ ತಳದ ಬೆನ್ನೆಲುಬು) ಇಟ್ಟದ್ದು ಅದೇ ವರ್ಷದ ಜುಲೈ, ನೀರಿಗೆ ತೇಲಿದ್ದು 2003ರ ಮಾರ್ಚ್, ಚೊಚ್ಚಲ ಯಾನ 2004ರ ಜನವರಿ 12. ಅಂದರೆ ಕರಾರಾದ ಮೇಲೆ ಮೂರು ವರ್ಷ, ಉಕ್ಕು ಕತ್ತರಿಸಿದ ಮೇಲೆ ಎರಡು. ಅದೂ ಹಿಂದೆ ಲೈನರ್‌ಗಳನ್ನು ಕಟ್ಟಿ ಪಳಗಿದ ಹಡಗುಕಟ್ಟೆಯಲ್ಲಿ. ಹೊಸ ಟೈಟಾನಿಕ್‌ನ ಹೆಸರಿನಲ್ಲಿ ಯಾವ ಹಡಗುಕಟ್ಟೆ ಪಕ್ಕಾ ಕರಾರಿಗೆ ಸಹಿ ಹಾಕಿತು, ಯಾವ ತಾರೀಖಿಗೆ ಉಕ್ಕು ಕತ್ತರಿಸುತ್ತದೆ ಎಂದು ಗೊತ್ತಾದ ದಿನದಿಂದ ಮೂರು ವರ್ಷ ಎಣಿಸಬಹುದು. ಅದಕ್ಕೂ ಮೊದಲು ಎಣಿಸುವುದು ಹುಟ್ಟದ ಮಗುವಿಗೆ ಕುಲಾವಿ ಹೊಲಿದಂತೆ.

ಇದನ್ನೆಲ್ಲ ಕೇಳಿಸಿಕೊಂಡ ಬೆಂಗಳೂರಿನ ದಂಪತಿ ಮುಂದಿನ ಪ್ರಯಾಣಕ್ಕೂ ‘ಕ್ವೀನ್ ಮೇರಿ 2’ರಲ್ಲೇ ಟಿಕೆಟ್ ಮಾಡಿಸಿದರು. ಅದರ ಏಳನೆಯ ಡೆಕ್ಕಿನ ಹೊರಾಂಗಣದಲ್ಲಿ ಮೂರು ಸುತ್ತು ಹಾಕಿದರೆ ಒಂದು ಮೈಲಿಯ ಮೇಲೆ ಚೂರು ಆಗುತ್ತದೆ. ದೋಣಿಗಳು ತಲೆಯ ಮೇಲೇ ತೂಗುತ್ತಿರುತ್ತವೆ, ಅವರ ಪತ್ನಿ ಬೇಕಾದರೆ ಎಣಿಸಿಕೊಳ್ಳಬಹುದು.